ದುಬೈಗೆ ಎಷ್ಟು ಹೊತ್ತು? ಅಜ್ಜಿಯ ವಾಚಿನ ಲೆಕ್ಕ

ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಸಣ್ಣ ಟಿಕೆಟ್ ಬುಕಿಂಗ್ ಅಂಗಡಿ. ಶುರು ಮಾಡಿದ ವರ್ಷವೇ ಒಬ್ಬರು ಅಜ್ಜಿ ದುಬೈಯಲ್ಲಿರುವ ಮಗಳ ಮನೆಗೆ ಹೊರಟಿದ್ದರು. ಮಂಗಳೂರಿನಿಂದ ವಿಮಾನ. "ಎಷ್ಟು ಹೊತ್ತಪ್ಪಾ ಪ್ರಯಾಣ?" ಅಂದರು. ಟಿಕೆಟ್ ನೋಡಿದೆ. ಹೊರಡೋದು ರಾತ್ರಿ 9:30, ಇಳಿಯೋದು 11:45. "ಎರಡೂಕಾಲು ಗಂಟೆ ಅಜ್ಜಿ, ಒಂದು ನಿದ್ದೆ ಅಷ್ಟೇ" ಅಂದುಬಿಟ್ಟೆ.

ಎರಡು ತಿಂಗಳಾದ ಮೇಲೆ ಸೀದಾ ಅಂಗಡಿಗೇ ಬಂದರು. ಕೈಯಲ್ಲಿ ಕೀ ಕೊಡುವ ಹಳೇ ಎಚ್‌ಎಂಟಿ ವಾಚು. "ನಿನ್ನ ಮಾತು ನಂಬಿ ಮಾತ್ರೆ ಎಲ್ಲಾ ದೊಡ್ಡ ಬ್ಯಾಗಿಗೆ ಹಾಕಿ ಕಳಿಸಿದ್ದೆ ಕಣಪ್ಪಾ. ಈ ವಾಚಲ್ಲಿ ಹೋಗುವಾಗ ಮೂರೂಮುಕ್ಕಾಲು ಆಯ್ತು. ಬರುವಾಗ ಮೂರು ಗಂಟೆ ಇಪ್ಪತ್ತು ನಿಮಿಷ."

ಅಲ್ಲಿಗೆ ಹೋದರೂ ಅವರು ವಾಚಿನ ಮುಳ್ಳು ತಿರುಗಿಸಿರಲಿಲ್ಲ. ಹಾಗಾಗಿ ಅವರ ಲೆಕ್ಕವೇ ಸರಿ. ಟಿಕೆಟಿನಲ್ಲಿ ಹಾಕೋದು ಆಯಾ ಊರಿನ ಸಮಯ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಹೋಗುವಾಗ ಅದನ್ನು ಕೂಡಬೇಕು, ಬರುವಾಗ ಕಳೆಯಬೇಕು. ಅವರ ವಾಪಸ್ ಟಿಕೆಟ್ ತೆಗೆದು ನೋಡಿದೆ. ರಾತ್ರಿ 1:00ಕ್ಕೆ ಹೊರಟು ಬೆಳಿಗ್ಗೆ 5:50ಕ್ಕೆ ಇಳಿಯೋದು. ಸುಮ್ನೆ ಕಳೆದರೆ 4:50. ಒಂದೇ ದಾರಿಗೆ ಒಂದು ಕಡೆ 2:15, ಇನ್ನೊಂದು ಕಡೆ 4:50 ಅಂದರೆ ನನಗೆ ಅವತ್ತೇ ಅನುಮಾನ ಬರಬೇಕಿತ್ತು, ಅಲ್ವಾ?

ಅವತ್ತು ರಾತ್ರಿ ಮಗಳ ಗ್ಲೋಬ್ ತೆಗೆದುಕೊಂಡು ಕೂತೆ. ಗೋಡೆಯ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಅಳೆದರೆ ದೂರದ ಊರುಗಳಿಗೆ ಮೋಸ ಹೋಗುತ್ತೀರಿ. ಭೂಮಿ ದುಂಡಗಿದೆ. ಹೂ ಕಟ್ಟುವ ದಾರವನ್ನು ಮಂಗಳೂರಿನಿಂದ ದುಬೈವರೆಗೆ ಬಿಗಿಯಾಗಿ ಎಳೆದು ಉಗುರಲ್ಲಿ ಗುರುತು ಹಿಡಿದೆ. ಅದೇ ದಾರವನ್ನು ಸಮಭಾಜಕದ ಮೇಲೆ ಇಟ್ಟೆ. 22 ಡಿಗ್ರಿ ಮುಟ್ಟಿತು. ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರ್. ಗುಣಿಸಿದರೆ 2,442. ಸೂತ್ರ ಹಾಕಿ ತೆಗೆದರೆ 2,460ರ ಹತ್ತಿರ ಬರುತ್ತದೆ. ದಾರಕ್ಕೆ ಇಷ್ಟು ಸಾಕು.

ಆಮೇಲೆ ಹೊತ್ತು. ದೂರವನ್ನು 800ರಿಂದ ಭಾಗಿಸಿ ಅರ್ಧ ಗಂಟೆ ಸೇರಿಸುತ್ತೇನೆ. ದೊಡ್ಡ ಜೆಟ್ ಮೇಲೆ ಹೋದ ಮೇಲೆ ಗಂಟೆಗೆ 800ಕ್ಕಿಂತ ಜಾಸ್ತಿಯೇ ಓಡುತ್ತದೆ. ಆದರೆ ರನ್‌ವೇವರೆಗೆ ತೆವಳೋದು, ಹತ್ತೋದು, ಇಳಿಯೋದು ಎಲ್ಲಾ ನಿಧಾನ. ಟಿಕೆಟಿನ ಸಮಯ ವಿಮಾನ ನಿಂತ ಜಾಗದಿಂದ ಕದಲಿದಾಗ ಶುರುವಾಗಿ ಅಲ್ಲಿ ಹೋಗಿ ನಿಂತಾಗ ಮುಗಿಯುತ್ತದೆ. ದುಬೈಗೆ ನನ್ನ ಲೆಕ್ಕ 3:35. ಅಜ್ಜಿಯ ಎರಡು ಪ್ರಯಾಣದ ಸರಾಸರಿಯೂ ಹೆಚ್ಚುಕಮ್ಮಿ ಅಷ್ಟೇ! ಬೆಂಗಳೂರು–ದೆಹಲಿ ಸುಮಾರು 1,710 ಕಿಲೋಮೀಟರ್, ಅದಕ್ಕೆ 2:40.

ಹೋಗೋದು ಬರೋದು ಯಾಕೆ ವ್ಯತ್ಯಾಸ ಅಂತ ಎಲ್ಲರೂ ಕೇಳುತ್ತಾರೆ. ಗಾಳಿ. ಚಳಿಗಾಲದಲ್ಲಿ ಆ ದಾರಿಯಲ್ಲಿ ಮೇಲಿನ ಗಾಳಿ ಪಶ್ಚಿಮದಿಂದ ಜೋರಾಗಿ ಬೀಸುತ್ತದೆ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ.

ಇಷ್ಟಾದರೂ ಹಾಸನದವರಿಗೆ ಆಕಾಶದ ಲೆಕ್ಕ ಅರ್ಧ ಮಾತ್ರ. ಮಂಗಳೂರು ವಿಮಾನ ನಿಲ್ದಾಣ ಇರುವ ಬಜ್ಪೆಗೆ ಇಲ್ಲಿಂದ ಸುಮಾರು 170 ಕಿಲೋಮೀಟರ್. ಶಿರಾಡಿ ಘಾಟಿ ಇಳಿದು ಹೋಗೋಕೆ ನಾನು ನಾಲ್ಕೂವರೆ ಗಂಟೆ ಇಡುತ್ತೇನೆ. ವಿದೇಶದ ವಿಮಾನಕ್ಕೆ ಮೂರು ಗಂಟೆ ಮೊದಲೇ ಅಲ್ಲಿರಬೇಕು. ಅಂದರೆ 2,460 ಕಿಲೋಮೀಟರಿಗಿಂತ 170 ಕಿಲೋಮೀಟರಿಗೇ ಜಾಸ್ತಿ ಹೊತ್ತು. ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಬಂದ್ ಆದರೆ ಮೂಡಿಗೆರೆ, ಕೊಟ್ಟಿಗೆಹಾರ ಮೇಲೆ ಚಾರ್ಮಾಡಿ ಸುತ್ತಬೇಕು. ಆ ತಿಂಗಳುಗಳಲ್ಲಿ ವಯಸ್ಸಾದವರಿಗೆ ಬೆಂಗಳೂರಿನ ದೇವನಹಳ್ಳಿ ವಿಮಾನ ನಿಲ್ದಾಣದಿಂದಲೇ ಹೋಗಿ ಅನ್ನುತ್ತೇನೆ. ದೂರ 200ರ ಆಸುಪಾಸು, ಆದರೆ ಘಾಟಿ ಇಲ್ಲ.

ಈಗ ಪ್ರತಿ ಟಿಕೆಟಿನ ಹಿಂದೆ ಪೆನ್ನಲ್ಲಿ ಎರಡು ಸಾಲು ಬರೆದು ಕೊಡುತ್ತೇನೆ: ಮನೆ ಬಿಡುವ ಹೊತ್ತು, ವಿಮಾನದಲ್ಲಿ ಕೂರುವ ಗಂಟೆ. ಅಜ್ಜಿ ಹೋದ ಜುಲೈನಲ್ಲಿ ಮತ್ತೆ ಬಂದಿದ್ದರು. ದುಬೈ ಎಷ್ಟು ಹೊತ್ತು ಅಂತ ಕೇಳಲೇ ಇಲ್ಲ. "ಶಿರಾಡಿ ಬಿಟ್ಟಿದ್ದಾರೇನಪ್ಪಾ?" ಅಂದರು.