ಹೈಬ್ರಿಡ್ ಕಾರಿನ ಬ್ರೇಕ್ ಆಯಿಲ್ ಮನೆಯಲ್ಲೇ ಬದಲಿಸಿದೆ: ನನ್ನ ಅನುಭವ

ಹೈಬ್ರಿಡ್ ಕಾರಿನಲ್ಲಿ ಬ್ರೇಕ್ ಪ್ಯಾಡ್ ಬೇಗ ಸವೆಯುವುದಿಲ್ಲ. ವೇಗ ಇಳಿಸುವ ಕೆಲಸವನ್ನು ಬಹುಮಟ್ಟಿಗೆ ಮೋಟಾರೇ ಮಾಡಿ, ಆ ಶಕ್ತಿಯನ್ನು ಬ್ಯಾಟರಿಗೆ ತುಂಬುತ್ತದೆ. ಹಾಗಾಗಿ ಎಷ್ಟೋ ಜನ ಬ್ರೇಕ್ ಕಡೆ ತಿರುಗಿಯೂ ನೋಡುವುದಿಲ್ಲ. ಆದರೆ ಪ್ಯಾಡ್ ಉಳಿದರೂ ಆಯಿಲ್ ಹಳೆಯದಾಗುತ್ತಲೇ ಇರುತ್ತದೆ. ಕಾರು ಸುಮ್ನೆ ನಿಂತಿದ್ದರೂ ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 3 ಅನ್ನುವುದು ಬ್ರೇಕ್ ಆಯಿಲ್‌ನ ಒಂದು ದರ್ಜೆ; ಹೊಸದಾಗಿದ್ದಾಗ ಅದು 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ಶೇ. 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ಯಾಟರಿ ತುಂಬಿಬಿಟ್ಟರೆ ಮೋಟಾರ್‌ನ ನೆರವು ಕಮ್ಮಿಯಾಗುತ್ತದೆ. ಒಳ್ಳೆಯ ಆಯಿಲ್ ಬೇಕಾಗುವುದು ಆಗಲೇ ಅಲ್ವಾ?

ನನ್ನದು ಟೊಯೊಟಾದ ಹೈಬ್ರಿಡ್ ಕಾರು, ಎರಡನೇ ತಲೆಮಾರಿನ ಪ್ರಿಯಸ್. ಇದರಲ್ಲಿ ಮಾಮೂಲಿ ಕಾರಿನ ಹಾಗೆ ಪೆಡಲ್ ಒತ್ತಿ, ನಿಪ್ಪಲ್ (ಚಕ್ರದ ಬ್ರೇಕಿನಲ್ಲಿ ಆಯಿಲ್ ಹೊರಬಿಡುವ ಸ್ಕ್ರೂ) ಬಿಚ್ಚಿ ಕೆಲಸ ಮುಗಿಸಲು ಆಗುವುದಿಲ್ಲ. ಪೆಡಲ್‌ಗೂ ಚಕ್ರಕ್ಕೂ ನಡುವೆ ಒಂದು ಪಂಪು, ಒತ್ತಡ ಕೂಡಿಡುವ ಅಕ್ಯುಮುಲೇಟರ್, ಕಂಪ್ಯೂಟರ್ ಹೇಳಿದಂತೆ ಕೇಳುವ ವಾಲ್ವ್‌ಗಳು ಇವೆ. ಚಾಲಕನ ಬಾಗಿಲು ತೆಗೆದರೆ ಸಾಕು, ಪಂಪು 'ಗುರ್' ಅಂತ ಓಡುತ್ತದೆ. ನಾವು ಚಕ್ರದ ಹತ್ತಿರ ಕೈ ಇಟ್ಟಿರುವಾಗ ಅದು ಎದ್ದರೆ ಕಷ್ಟ. ಅದಕ್ಕೇ ಬಾಗಿಲು ತೆಗೆಯದೆ, ಬೀಗದ ಕೈಯನ್ನೂ ಕಾರಿನಿಂದ ದೂರ ಇಟ್ಟು ಚಕ್ರ ಬಿಚ್ಚುವ ಕೆಲಸ ಮುಗಿಸಿದೆ. ಕಾರು ಜಾಕ್ ಮೇಲಲ್ಲ, ಸ್ಟ್ಯಾಂಡ್ ಮೇಲೆ ಕೂತಿರಬೇಕು. ಇದರಲ್ಲಿ ರಾಜಿ ಬೇಡ.

ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ಟೆಕ್‌ಸ್ಟ್ರೀಮ್ (ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ಟೊಯೊಟಾ ಸಾಫ್ಟ್‌ವೇರ್) ತೆರೆದು, ಇಂಜಿನ್ ರೆಡಿ ಆಗದಂತೆ ಬರೀ ಇಗ್ನಿಷನ್ ಆನ್ ಮಾಡಿ, ಬ್ಲೀಡಿಂಗ್ ಮೆನುವಿಗೆ, ಅಂದರೆ ಹಳೇ ಆಯಿಲ್ ಮತ್ತು ಗಾಳಿ ಹೊರತೆಗೆಯುವ ಮೆನುವಿಗೆ ಹೋದೆ. ಈ ಹೊತ್ತಿನಲ್ಲಿ 12 ವೋಲ್ಟ್ ಬ್ಯಾಟರಿ ಬೇಗ ಇಳಿಯುತ್ತದೆ. ಅದು ಚಿಕ್ಕದು, ಪಂಪು ಎಳೆಯುವ ಕರೆಂಟ್ ಜಾಸ್ತಿ. ಹಾಗಾಗಿ ಚಾರ್ಜರ್ ಹಾಕಿಯೇ ಶುರು ಮಾಡಿದೆ.

ಮೊದಲು ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿದ್ದ ಹಳೇ ಆಯಿಲನ್ನು ಸಿರಿಂಜ್‌ನಿಂದ ಎಳೆದು, ಸೀಲ್ ಒಡೆಯದ ಹೊಸ ಡಾಟ್ 3 ಹಾಕಿದೆ. ಮುಂದಿನ ಚಕ್ರಗಳಿಗೆ ಹಳೆಯ ರೀತಿಯೇ. ತಮ್ಮ ಒಳಗೆ ಕೂತಿದ್ದ. "ಒತ್ತು... ಹಿಡ್ಕೋ" ಅಂದಾಗ ಹಿಡಿಯುತ್ತಿದ್ದ. ನಾನು ನಿಪ್ಪಲ್ ಸ್ವಲ್ಪ ಸಡಿಲಿಸಿ, ಮತ್ತೆ ಬಿಗಿ ಮಾಡಿದ ಮೇಲೆಯೇ "ಬಿಡು" ಅನ್ನುತ್ತಿದ್ದೆ. ನಿಪ್ಪಲ್‌ಗೆ ಸಿಕ್ಕಿಸಿದ ಪಾರದರ್ಶಕ ಪೈಪಿನಲ್ಲಿ ಮೊದಲು ಕಡು ಚಹಾದಂಥ ಬಣ್ಣ ಬಂತು. ಬರಬರುತ್ತಾ ತಿಳಿಯಾಯಿತು, ನಡುವೆ ಒಂದೆರಡು ಸಣ್ಣ ಗುಳ್ಳೆ ಕಂಡವು.

ಹಿಂದಿನ ಚಕ್ರಗಳದ್ದು ಬೇರೆಯೇ ಲೆಕ್ಕ. ಅಲ್ಲಿಗೆ ಆಯಿಲ್ ತಳ್ಳುವುದು ಕಾಲಲ್ಲ, ಪಂಪು. ತಮ್ಮ ಪೆಡಲ್ ಒತ್ತಿ ಹಾಗೇ ಹಿಡಿದಿದ್ದ. ನಾನು ನಿಪ್ಪಲ್ ಬಿಚ್ಚುತ್ತಿದ್ದಂತೆ ಆಯಿಲ್ ಬಿಡದೆ ಸುರಿಯಿತು. ಕಣ್ಣು ಪೈಪಿನ ಮೇಲೆ ಎಷ್ಟಿರಬೇಕೋ, ಡಬ್ಬಿಯ ಮೇಲೂ ಅಷ್ಟೇ ಇರಬೇಕು. ಅದು ಖಾಲಿಯಾಗಿ ಪಂಪಿನೊಳಗೆ ಗಾಳಿ ಹೊಕ್ಕರೆ ಕೆಲಸ ಎರಡರಷ್ಟಾಗುತ್ತದೆ. ಪಂಪನ್ನು ಒಂದೇ ಸಮ ಓಡಿಸದೆ ನಡುನಡುವೆ ಬಿಡುವು ಕೊಟ್ಟೆ.

ಮಟ್ಟ ನೋಡುವುದರಲ್ಲೂ ಒಂದು ಸೂಕ್ಷ್ಮ ಇದೆ. ಅಕ್ಯುಮುಲೇಟರ್ ತುಂಬಿದಾಗ ಡಬ್ಬಿಯಲ್ಲಿ ಆಯಿಲ್ ಕೆಳಗಿರುತ್ತದೆ, ಒತ್ತಡ ಇಳಿದಾಗ ಮೇಲೇರುತ್ತದೆ. ಪಂಪು ಓಡಿ ನಿಂತ ಮೇಲಿನ ಮಟ್ಟ ನೋಡಿ ಬಾಯಿಮಟ್ಟ ತುಂಬಿದರೆ ಆಮೇಲೆ ಉಕ್ಕಬಹುದು. ಕಾರಿನ ಬಣ್ಣದ ಮೇಲೆ ಒಂದು ಹನಿ ಆಯಿಲ್ ಬಿದ್ದರೂ ಬಣ್ಣ ಎದ್ದು ಹೋಗಬಹುದು. ಪಕ್ಕದಲ್ಲೇ ಬಕೆಟ್ ನೀರು ಇಟ್ಟುಕೊಂಡು, ಬಿದ್ದ ತಕ್ಷಣ ತೊಳೆಯಿರಿ. ಒರೆಸಿದರೆ ಸಾಲದು.

ಕೊನೆಗೆ ನಿಪ್ಪಲ್‌ಗಳನ್ನು ಹದವಾಗಿ ಬಿಗಿದು, ಒರೆಸಿ, ಪೆಡಲ್ ಗಟ್ಟಿಯಾಗಿ ಒತ್ತಿಸಿ ಎಲ್ಲಾದರೂ ಒಸರುತ್ತಿದೆಯಾ ಅಂತ ನೋಡಿದೆ. ಟೆಕ್‌ಸ್ಟ್ರೀಮ್‌ನಲ್ಲಿ ಉಳಿದಿದ್ದ ದೋಷದ ಕೋಡ್‌ಗಳನ್ನು ಅಳಿಸಿದೆ. ಪರೀಕ್ಷೆಗೆ ಖಾಲಿ, ಸಮತಟ್ಟಾದ ಜಾಗದಲ್ಲಿ ನಿಧಾನಕ್ಕೆ ಹೋಗಿ ನ್ಯೂಟ್ರಲ್‌ಗೆ ಹಾಕಿ ಬ್ರೇಕ್ ಒತ್ತಿದೆ. ನ್ಯೂಟ್ರಲ್‌ನಲ್ಲಿ ಮೋಟಾರ್ ಕೈ ಜೋಡಿಸುವುದಿಲ್ಲ. ಹಾಗಾಗಿ ಕಾರು ನೇರವಾಗಿ ನಿಂತರೆ, ನಿಲ್ಲಿಸಿದ್ದು ಆಯಿಲ್ ಮತ್ತು ಪ್ಯಾಡೇ ಅಂತ ಖಾತ್ರಿ.