ಜಗಲಿ, ಅಟ್ಟ, ಅಕ್ಕನ ಮನೆ: ನನ್ನ ಫೋಟೋ ಇಡುವ ಕ್ರಮ

ನನ್ನ ಫೋನಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವುದು ಬ್ಲೌಸಿನ ಬೆನ್ನು. ಉಡುಪಿಯ ಕಲ್ಸಂಕದ ಹತ್ತಿರ ನನ್ನದೊಂದು ಸಣ್ಣ ಟೈಲರ್ ಅಂಗಡಿ. ಬಟ್ಟೆ, ಅಳತೆಯ ಚೀಟಿ, ಹೊಲಿದು ಮುಗಿದದ್ದು, ಎಲ್ಲದರ ಫೋಟೋ ತೆಗೆದಿಡುವುದು ನನ್ನ ಅಭ್ಯಾಸ. ಮನೆಯ ಫೋಟೋಗಳೂ ಅದರ ಮಧ್ಯದಲ್ಲೇ ಸಿಕ್ಕಿಕೊಂಡಿರುತ್ತವೆ.

2024ರ ಜನವರಿ 18ರ ಪುತ್ತಿಗೆ ಪರ್ಯಾಯಕ್ಕೆ, ಅಂದರೆ ಕೃಷ್ಣಮಠದ ಪೂಜೆಯ ಸರದಿ ಪುತ್ತಿಗೆ ಮಠಕ್ಕೆ ಬಂದ ಹಬ್ಬಕ್ಕೆ, ನಾವು ಮನೆಯವರೆಲ್ಲ ರಾತ್ರಿಯಿಡೀ ಎಚ್ಚರ ಇದ್ದೆವು. ಜೋಡುಕಟ್ಟೆಯಿಂದ ಬೆಳಗಿನ ಜಾವ ಹೊರಟ ಮೆರವಣಿಗೆಯದ್ದು ನಾನೊಬ್ಬಳೇ ಇನ್ನೂರಕ್ಕಿಂತ ಜಾಸ್ತಿ ಫೋಟೋ ತೆಗೆದಿದ್ದೆ. ಸ್ವಲ್ಪ ದಿನದಲ್ಲಿ ಫೋನ್ ಸ್ಟೋರೇಜ್ ಫುಲ್ ಎಂದಿತು. ಲ್ಯಾಪ್‌ಟಾಪಿಗೆ ಸಿಂಕ್ ಆಗುವ ಹಾಗೆ ಮಗಳು ಮಾಡಿಕೊಟ್ಟಿದ್ದಳು. ಅಲ್ಲಿ ಹೇಗೂ ಉಂಟಲ್ವಾ ಎಂದು ಅಂಗಡಿಯಲ್ಲಿ ಕೂತು ಫೋನಿನಿಂದ ಅಷ್ಟನ್ನೂ ಅಳಿಸಿದೆ. ಜಾಗ ಬೇಕೆಂದು ಟ್ರ್ಯಾಶನ್ನೂ ಖಾಲಿ ಮಾಡಿದೆ. ಎರಡು ದಿನ ಬಿಟ್ಟು ಲ್ಯಾಪ್‌ಟಾಪ್ ತೆರೆದರೆ ಅಲ್ಲಿಯೂ ಇಲ್ಲ! ಮನೆಯ ವೈಫೈ ಸಿಕ್ಕಿದ ಕೂಡಲೇ ಫೋನು ಹೋಗಿ ಲ್ಯಾಪ್‌ಟಾಪಿಗೂ ಚಾಡಿ ಹೇಳಿತ್ತು, ಇವಳು ಅಳಿಸಿದ್ದಾಳೆ ಎಂದು. ಆಪಿನದ್ದೇನೂ ತಪ್ಪಿಲ್ಲ ಮಾರಾಯ್ರೆ. ಎರಡೂ ಕಡೆ ಒಂದೇ ತರ ಇಡುವುದೇ ಸಿಂಕ್‌ನ ಕೆಲಸ. ಇಟ್ಟದ್ದೂ ಒಂದೇ ತರ, ತೆಗೆದದ್ದೂ ಒಂದೇ ತರ.

ದುಬೈಯಲ್ಲಿರುವ ತಮ್ಮನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದ ನಲವತ್ತು ಫೋಟೋ ಮಾತ್ರ ವಾಪಸ್ ಸಿಕ್ಕಿತು. ಅದೂ ಕುಗ್ಗಿ ಹೋದದ್ದು. ವಾಟ್ಸಾಪ್ ಫೋಟೋದ ಗಾತ್ರ ಇಳಿಸುತ್ತದೆ. ತೆಗೆದ ದಿನ, ಗಂಟೆ, ಜಾಗದ ವಿವರವನ್ನೂ ತೆಗೆದುಹಾಕುತ್ತದೆ. ಈಗ ನಾನು ಒಳ್ಳೆಯ ಫೋಟೋ ಕಳಿಸುವುದಿದ್ದರೆ ಗ್ಯಾಲರಿಯಿಂದ ಕಳಿಸುವುದಿಲ್ಲ, ಡಾಕ್ಯುಮೆಂಟ್ ಎಂದು ಕಳಿಸುತ್ತೇನೆ. ಆಗ ಇದ್ದ ಹಾಗೆಯೇ ಹೋಗುತ್ತದೆ.

ಅದಾದ ಮೇಲೆ ಲ್ಯಾಪ್‌ಟಾಪಿನಲ್ಲಿ ಎರಡು ಫೋಲ್ಡರ್ ಮಾಡಿದೆ. ಒಂದರ ಹೆಸರು ಜಗಲಿ, ಇನ್ನೊಂದರದ್ದು ಅಟ್ಟ. ಹೌದು, ಕನ್ನಡದಲ್ಲೇ ಹೆಸರಿಟ್ಟಿದ್ದೇನೆ, ವಿಂಡೋಸಿಗೆ ಏನೂ ತೊಂದರೆ ಇಲ್ಲ. ಫೋನಿನಿಂದ ಬಂದದ್ದೆಲ್ಲ ಮೊದಲು ಜಗಲಿಯಲ್ಲಿ ಕೂತುಕೊಳ್ಳಬೇಕು. ಒಳಗೆ ಕರೆಯುವುದು ಯಾರನ್ನು ಎಂದು ನಾನು ನೋಡಿ ಹೇಳುತ್ತೇನೆ. ಸಿಂಕ್ ಆಗುವುದು ಜಗಲಿ ಮಾತ್ರ. ಅಟ್ಟವನ್ನು ಯಾವ ಆಪಿಗೂ ತೋರಿಸಿಲ್ಲ.

ಜಗಲಿಗೆ ನಾನು ಬಳಸುವುದು ಸಿಂಕ್‌ಥಿಂಗ್ ಎಂಬ ಆಪ್. ಉಚಿತ. ಫೋಟೋ ಯಾವ ಕಂಪನಿಯ ಸರ್ವರಿನಲ್ಲೂ ಕೂರುವುದಿಲ್ಲ, ಫೋನಿನಿಂದ ನೇರ ಲ್ಯಾಪ್‌ಟಾಪಿಗೆ ಹೋಗುತ್ತದೆ. ಇದರ ಅಧಿಕೃತ ಆಂಡ್ರಾಯ್ಡ್ ಆಪ್ 2024ರ ಡಿಸೆಂಬರಿನಲ್ಲಿ ನಿಂತಿತು, ಈಗ ಫೋನಿಗೆ ಸಿಂಕ್‌ಥಿಂಗ್-ಫೋರ್ಕ್ ಎಂಬುದನ್ನು ಹಾಕಿಕೊಳ್ಳಬೇಕು. ಲ್ಯಾಪ್‌ಟಾಪಿನಲ್ಲಿ ಅದು ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ. ಅಲ್ಲಿ ಕಾಣುವ ಕ್ಯೂಆರ್ ಕೋಡನ್ನು ಫೋನಿನಿಂದ ಸ್ಕ್ಯಾನ್ ಮಾಡಿ. ಲ್ಯಾಪ್‌ಟಾಪ್ ಸೇರಿಸಿಕೊಳ್ಳಲಾ ಎಂದು ಕೇಳುತ್ತದೆ, ಹೂಂ ಅನ್ನಿ. ಆಮೇಲೆ ಫೋನಿನಲ್ಲಿ ಡಿಸಿಐಎಂ (DCIM) ಎಂಬ ಫೋಲ್ಡರಿನ ಒಳಗಿನ ಕ್ಯಾಮೆರಾ ಫೋಲ್ಡರನ್ನು ಹಂಚಿ, ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಜಗಲಿಯನ್ನು ತೋರಿಸಿ.

ಇಲ್ಲಿ ಮೂರು ಕಡೆ ಕಣ್ಣಿಡಬೇಕು. ಫೋಲ್ಡರ್ ಟೈಪ್ ಫೋನಿನಲ್ಲಿ ಸೆಂಡ್ ಓನ್ಲಿ, ಲ್ಯಾಪ್‌ಟಾಪಿನಲ್ಲಿ ರಿಸೀವ್ ಓನ್ಲಿ ಇರಲಿ. ಆಗ ಲ್ಯಾಪ್‌ಟಾಪಿನಲ್ಲಿ ಏನು ಎಡವಟ್ಟು ಮಾಡಿದರೂ ಫೋನಿಗೆ ತಟ್ಟುವುದಿಲ್ಲ. ಆದರೆ ಫೋನಿನಲ್ಲಿ ಅಳಿಸಿದರೆ ಜಗಲಿಯಿಂದಲೂ ಹೋಗುತ್ತದೆ. ಸೆಂಡ್ ಓನ್ಲಿ ಎಂದರೆ ಅಳಿಸಿದ ಸುದ್ದಿ ಹೋಗುವುದಿಲ್ಲ ಎಂದು ನಾನು ತಪ್ಪು ತಿಳಿದಿದ್ದೆ. ಹಾಗಾಗಿ ಎರಡನೆಯದು: ಲ್ಯಾಪ್‌ಟಾಪಿನಲ್ಲಿ ಫೈಲ್ ವರ್ಷನಿಂಗ್‌ಗೆ ಹೋಗಿ ಟ್ರ್ಯಾಶ್ ಕ್ಯಾನ್ ಆರಿಸಿ. ಫೋನಿನಲ್ಲಿ ಅಳಿಸಿದ್ದು ಆಗ ಜಗಲಿಯೊಳಗಿನ ಒಂದು ಅಡಗಿದ ಫೋಲ್ಡರಿಗೆ ಹೋಗಿ ಕೂರುತ್ತದೆ. ನಾನು 60 ದಿನ ಇಟ್ಟಿದ್ದೇನೆ. ಮೂರನೆಯದು ಫೋನಿನ ಬ್ಯಾಟರಿ ಸೆಟ್ಟಿಂಗ್. ಈ ಆಪಿಗೆ ಬ್ಯಾಟರಿ ಉಳಿತಾಯದಿಂದ ವಿನಾಯಿತಿ ಕೊಡದಿದ್ದರೆ ಫೋನೇ ಅದನ್ನು ಸುಮ್ನೆ ಮಲಗಿಸುತ್ತದೆ. ಎಲ್ಲ ಸರಿಯಾಗಿದೆ ಎಂದು ನೀವು ನಂಬಿಕೊಂಡಿರುತ್ತೀರಿ.

ಮಳೆಗಾಲದಲ್ಲಿ ಕರೆಂಟ್ ಹೋದರೆ ವೈಫೈಯೂ ಹೋಗುತ್ತದೆ. ಅದಕ್ಕೆ ಹೆದರಬೇಡಿ, ಕರೆಂಟ್ ಬಂದ ಮೇಲೆ ಉಳಿದದ್ದನ್ನು ಅದೇ ಮುಂದುವರಿಸುತ್ತದೆ.

ಇಷ್ಟೆಲ್ಲ ಬೇಡ ಅನ್ನುವವರಿಗೆ ಕೇಬಲ್ ಸಾಕು. ಫೋನ್ ಸಿಕ್ಕಿಸಿ, ಮೇಲಿನಿಂದ ನೋಟಿಫಿಕೇಶನ್ ಎಳೆದು ಫೈಲ್ ಟ್ರಾನ್ಸ್‌ಫರ್ ಒತ್ತಿ. ಆ ಆಯ್ಕೆಯೇ ಕಾಣದಿದ್ದರೆ ಕೇಬಲನ್ನು ಸಂಶಯಪಡಿ. ಕೆಲವು ಕೇಬಲು ಚಾರ್ಜಿಗೆ ಮಾತ್ರ. ಮತ್ತೆ, ಯಾವಾಗಲೂ ಕಾಪಿ ಮಾಡಿ, ಕಟ್ ಮಾಡಬೇಡಿ. ಕಟ್ ಮಾಡಿ ಅರ್ಧದಲ್ಲಿ ಕೇಬಲ್ ಅಲುಗಿದರೆ ಯಾವುದು ಬಂತು, ಯಾವುದು ಉಳಿಯಿತು ಎಂದು ಹುಡುಕುವುದೇ ಒಂದು ಕೆಲಸ.

ತಿಂಗಳಿಗೊಮ್ಮೆ, ಸಾಧಾರಣ ಮೊದಲ ಆದಿತ್ಯವಾರ, ಜಗಲಿಯಿಂದ ಅಟ್ಟಕ್ಕೆ ಕಾಪಿ ಮಾಡುತ್ತೇನೆ. ಅಟ್ಟದಲ್ಲಿ ವರ್ಷಕ್ಕೊಂದು ಫೋಲ್ಡರ್. ಅದರೊಳಗೆ "2024-01-18 ಪರ್ಯಾಯ" ಎಂಬಂಥ ಹೆಸರು. ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ. ಹಾಗೆ ಬರೆದರೆ ಕಂಪ್ಯೂಟರ್ ತಾನಾಗಿ ಸಾಲಾಗಿ ಜೋಡಿಸುತ್ತದೆ. ನಮ್ಮ ರೂಢಿಯಂತೆ ದಿನವನ್ನು ಮುಂದೆ ಬರೆದರೆ ಎಲ್ಲ ವರ್ಷದ ಹದಿನೆಂಟನೇ ತಾರೀಕುಗಳೂ ಒಟ್ಟಿಗೆ ಬಂದು ಕೂರುತ್ತವೆ. ಬ್ಲೌಸುಗಳಿಗೆ ಅಟ್ಟದಲ್ಲಿ ಜಾಗ ಇಲ್ಲ. ಗಿರಾಕಿ ಬಟ್ಟೆ ತೆಗೆದುಕೊಂಡು ಹೋದ ದಿನವೇ ಅವುಗಳನ್ನು ಫೋನಿನಲ್ಲಿ ಅಳಿಸುತ್ತೇನೆ, ಜಗಲಿಯೂ ತಾನಾಗಿ ಸ್ವಚ್ಛ.

ಗೂಗಲ್ ಫೋಟೋಸ್ ಇಲ್ಲವಾ ಎಂದು ಕೇಳುತ್ತೀರಿ. ಉಂಟು, ನಾನೂ ಇಟ್ಟಿದ್ದೇನೆ. ಆದರೆ 2021ರ ಜೂನ್ 1ರಿಂದ ಅಲ್ಲಿ ಹೊಸ ಫೋಟೋಗಳೆಲ್ಲ 15 ಜಿಬಿಯ ಲೆಕ್ಕಕ್ಕೆ ಬರುತ್ತವೆ. ಆ 15 ಜಿಬಿಯಲ್ಲಿ ಜಿಮೇಲ್, ಡ್ರೈವ್ ಎಲ್ಲ ಸೇರಿದೆ. ಅಲ್ಲಿ ಎರಡು ಬೇರೆ ಬೇರೆ ಕೆಲಸ ಉಂಟು, ತುಂಬ ಜನ ಒಂದೇ ಎಂದುಕೊಳ್ಳುತ್ತಾರೆ. "ಫ್ರೀ ಅಪ್ ಸ್ಪೇಸ್" ಒತ್ತಿದರೆ ಬ್ಯಾಕಪ್ ಆದ ಫೋಟೋ ಫೋನಿನಿಂದ ಮಾತ್ರ ಹೋಗುತ್ತದೆ. ಫೋಟೋ ಆರಿಸಿ ಕಸದಬುಟ್ಟಿಯ ಗುರುತು ಒತ್ತಿದರೆ ಎರಡೂ ಕಡೆಯಿಂದ ಹೋಗುತ್ತದೆ. ಬ್ಯಾಕಪ್ ಆಗಿದ್ದರೆ ಟ್ರ್ಯಾಶಿನಲ್ಲಿ 60 ದಿನ ಸಿಗುತ್ತದೆ, ಆಮೇಲೆ ಇಲ್ಲ. ಜಾಗ ಖಾಲಿ ಮಾಡಿಕೊಳ್ಳುವುದಕ್ಕೆ ಮೊದಲಿನದ್ದನ್ನೇ ಬಳಸಿ. ಆದರೆ ಅಟ್ಟಕ್ಕೆ ಕಾಪಿ ಆಗುವ ಮೊದಲು ಅದನ್ನೂ ಒತ್ತಬೇಡಿ. ಅಳಿಸಿದ್ದು ಯಾರೇ ಆಗಲಿ, ಜಗಲಿಗೆ ಎಲ್ಲ ಒಂದೇ.

ಮಗಳದ್ದು ಹಳೆಯ ಐಫೋನ್, ಅದರ ಕ್ರಮವೇ ಬೇರೆ. ಐಕ್ಲೌಡ್ ಉಚಿತ ಕೊಡುವುದು 5 ಜಿಬಿ. ವಿಂಡೋಸಿಗೆ ಕಾಪಿ ಮಾಡುವಾಗ ಅರ್ಧದಲ್ಲಿ ಎರರ್ ಬಂದು ನಿಲ್ಲುತ್ತಿತ್ತು. ಫೋಟೋಸ್ ಸೆಟ್ಟಿಂಗಿನಲ್ಲಿ ಟ್ರಾನ್ಸ್‌ಫರ್ ಟು ಮ್ಯಾಕ್ ಆರ್ ಪಿಸಿ ಎಂಬಲ್ಲಿ ಕೀಪ್ ಒರಿಜಿನಲ್ಸ್ ಮಾಡಿದ ಮೇಲೆ ಸರಿಯಾಯಿತು. ಆಗ ಫೋಟೋಗಳು ಎಚ್‌ಇಐಸಿ ಎಂಬ ರೂಪದಲ್ಲಿ ಬರುತ್ತವೆ, ಹಳೆಯ ಲ್ಯಾಪ್‌ಟಾಪಿನಲ್ಲಿ ತೆರೆಯದೇ ಇರಬಹುದು. ಮುಂದಿನ ಫೋಟೋಗಳು ಜೆಪೆಗ್ ಆಗಿಯೇ ಬೇಕಿದ್ದರೆ ಕ್ಯಾಮೆರಾದ ಫಾರ್ಮ್ಯಾಟ್ಸ್‌ನಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಆರಿಸಿ.

ಲ್ಯಾಪ್‌ಟಾಪ್ ಒಂದೇ ಸಾಕಾ? ಸಾಲದು. ನಮ್ಮಲ್ಲಿ ಸಿಡಿಲು ಒಂದು, ಜೂನಿನಿಂದ ಸೆಪ್ಟೆಂಬರಿನವರೆಗೆ ತೇವ ಇನ್ನೊಂದು. ಕಪಾಟಿನಲ್ಲಿಟ್ಟ ಚಪ್ಪಲಿಗೇ ಬೂಷ್ಟು ಬರುವ ಊರಿದು. ನನ್ನ ಹತ್ತಿರ 1 ಟಿಬಿಯ ಎರಡು ಹಾರ್ಡ್‌ಡಿಸ್ಕ್ ಉಂಟು. ಎರಡರಲ್ಲೂ ಅಟ್ಟದ ನಕಲು. ಒಂದು ನಮ್ಮ ಮನೆಯಲ್ಲಿ, ಬಿಗಿ ಮುಚ್ಚಳದ ಡಬ್ಬಿಯೊಳಗೆ, ಸಿಲಿಕಾ ಜೆಲ್ ಪೊಟ್ಟಣದ ಜೊತೆ. ಹೊಸ ಚಪ್ಪಲಿ, ಬ್ಯಾಗಿನೊಳಗೆ ಸಿಗುವ ಪೊಟ್ಟಣಗಳನ್ನು ಬಿಸಾಡಬೇಡಿ. ಇನ್ನೊಂದು ಡಿಸ್ಕ್ ಸುರತ್ಕಲ್‌ನಲ್ಲಿ ಅಕ್ಕನ ಮನೆಯಲ್ಲಿ. ಬಿಸು ಹಬ್ಬಕ್ಕೆ, ದೀಪಾವಳಿಗೆ ಹೇಗೂ ಹೋಗಲಿಕ್ಕೆ ಉಂಟು. ಆಗ ಹೊಸತನ್ನು ಕೊಟ್ಟು ಹಳೆಯದನ್ನು ತರುತ್ತೇನೆ. ಅಕ್ಕ ಮೊದಲ ಸಲ ಅದನ್ನು ಉಪ್ಪಿನಕಾಯಿ ಭರಣಿಯ ಪಕ್ಕ ಇಟ್ಟಿದ್ದಳು. ಈಗ ಸೀರೆಯ ಕಪಾಟಿನಲ್ಲಿ ಇಡುತ್ತಾಳೆ.

ತಂದ ಡಿಸ್ಕನ್ನು ಲ್ಯಾಪ್‌ಟಾಪಿಗೆ ಹಾಕಿ, ಹೊಸ ಫೋಲ್ಡರುಗಳನ್ನು ಕಾಪಿ ಮಾಡಿ, ಎರಡೂ ಕಡೆ ಫೈಲುಗಳ ಸಂಖ್ಯೆ ಒಂದೇ ಉಂಟಾ ಎಂದು ಪ್ರಾಪರ್ಟೀಸ್‌ನಲ್ಲಿ ನೋಡುತ್ತೇನೆ. ಆಮೇಲೆ ಅಲ್ಲೊಂದು ಇಲ್ಲೊಂದು ಐದಾರು ಫೋಟೋ ತೆರೆದು ನೋಡುತ್ತೇನೆ. ಹೆಸರು ಕಾಣುತ್ತದೆ ಎಂದರೆ ಫೋಟೋ ತೆರೆಯುತ್ತದೆ ಎಂದಲ್ಲ. ಡಿಸ್ಕ್ ತೆಗೆಯುವಾಗ ಇಜೆಕ್ಟ್ ಒತ್ತಿಯೇ ತೆಗೆಯಿರಿ. ಇದೆಲ್ಲ ಆದ ಮೇಲೆ ಮಾತ್ರ ಫೋನಿನ ಹಳೆಯ ಫೋಟೋಗಳಿಗೆ ಕೈ ಹಾಕುತ್ತೇನೆ.