ವಿಮರ್ಶೆಗಳು ಹೇಳದ ಎಡಗೈ ವಿಚಾರ

ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯೂ 320ಡಿ ಕೊಳ್ಳುವ ಮುಂಚೆ ನಾನು ಓದಿದ ವಿಮರ್ಶೆಗಳಲ್ಲಿ ಮುಕ್ಕಾಲು ಪಾಲು ಸ್ಟಿಯರಿಂಗ್ ಬಗ್ಗೆಯೇ ಇದ್ದವು. 320ಡಿ ಸೇರುವ 3 ಸೀರೀಸ್‌ನ ಹಿಂದಿನ ತಲೆಮಾರು, ಅಂದರೆ ಇ90ಗಳಲ್ಲಿ ಹೆಚ್ಚಿನವಕ್ಕೆ ಹೈಡ್ರಾಲಿಕ್ ಸ್ಟಿಯರಿಂಗ್ ಇತ್ತು. 2012ರಲ್ಲಿ ಮಾರಾಟಕ್ಕೆ ಬಂದ ಮುಂದಿನ ತಲೆಮಾರು ಎಫ್30ಗೆ (ನನ್ನದು ಇದೇ) ಎಲೆಕ್ಟ್ರಿಕ್ ಹಾಕಿದರು. ಆಮೇಲೆ ರಸ್ತೆ ಕೈಗೆ ಸಿಗುವುದೇ ಇಲ್ಲ ಅನ್ನೋದು ತಕರಾರು. ಸುಳ್ಳೇನಲ್ಲ. ಆದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತೆವಳುವವನಿಗೆ ಸ್ಟಿಯರಿಂಗ್ ಏನು ಹೇಳಿದರೆಷ್ಟು, ಬಿಟ್ಟರೆಷ್ಟು? ಪತ್ರಿಕೆಯವರು ಕಾರನ್ನು ಕೆಲವು ದಿನ ಇಟ್ಟುಕೊಂಡು ಖಾಲಿ ರಸ್ತೆಯಲ್ಲಿ ಓಡಿಸಿ ವಾಪಸ್ ಕೊಡುತ್ತಾರೆ. ದಿನಾ ಹತ್ತಿ ಇಳಿಯುವವನ ಕಣ್ಣು ಕೈಗಳಿಗೆ ಬೇರೆಯದೇ ಕೆಲಸ ಇರುತ್ತದೆ.

ಹಾಗಾಗಿ ನಾನು ಮಾಲೀಕರು ಬರೆದದ್ದನ್ನೇ ಹುಡುಕಿದೆ. ಅದರಲ್ಲೂ ವಾರಂಟಿ ಮುಗಿದ ಮೇಲೂ ಕಾರು ಇಟ್ಟುಕೊಂಡವರದ್ದು, ಮತ್ತು ನಮ್ಮ ಹಾಗೆ ಬಲಗಡೆ ಕೂತು ಓಡಿಸುವ ಬ್ರಿಟನ್, ಆಸ್ಟ್ರೇಲಿಯಾದವರದ್ದು. ಈ ಎರಡನೆಯದು ಯಾಕೆ ಮುಖ್ಯ ಅಂದರೆ, ಐಡ್ರೈವ್ ನಾಬ್, ಅಂದರೆ ಸ್ಕ್ರೀನಿನ ಮೆನುಗಳನ್ನು ತಿರುಗಿಸಿ ಒತ್ತಿ ಆರಿಸುವ ಗುಂಡಿ, ಇರುವುದು ಎರಡು ಸೀಟುಗಳ ನಡುವೆ, ಗೇರ್ ಲಿವರ್ ಪಕ್ಕದಲ್ಲಿ. ಜರ್ಮನಿಯಲ್ಲೋ ಅಮೆರಿಕದಲ್ಲೋ ಅದನ್ನು ಬಲಗೈ ತಿರುಗಿಸುತ್ತದೆ, ನಮ್ಮಲ್ಲಿ ಎಡಗೈ. ನಾಬ್‌ನ ತಲೆಯ ಮೇಲೆ ಬೆರಳಲ್ಲಿ ಅಕ್ಷರ ಬರೆದರೆ ಊರಿನ ಹೆಸರು ಮೂಡುತ್ತದೆ ಎಂದು ಅಮೆರಿಕದವರು ಹೊಗಳಿದ್ದೇ ಹೊಗಳಿದ್ದು. ನನ್ನ ಕಾರಲ್ಲೂ ಅದಿದೆ. ಎಡಗೈ ತೋರುಬೆರಳಿನಲ್ಲಿ ಇಂಗ್ಲಿಷಿನ ‘ಎಸ್’ ಬರೆದು ನೋಡಿ, ಗೊತ್ತಾಗುತ್ತದೆ. ನಾನು ಬರೆಯುವುದನ್ನು ಬಿಟ್ಟು ತಿರುಗಿಸುವುದಕ್ಕೇ ಅಂಟಿಕೊಂಡೆ.

ಇನ್ನೊಂದು ಜರಡಿಯೂ ಬೇಕು: ವಿಮರ್ಶೆಯ ವಯಸ್ಸು. ಐಡ್ರೈವ್ ಮೊದಲು ಬಂದದ್ದು 2001ರ 7 ಸೀರೀಸ್‌ನಲ್ಲಿ. ಸುತ್ತ ಬಟನ್‌ಗಳಿಲ್ಲದ ಒಂದೇ ನಾಬ್‌ಗೆ ನೂರಾರು ಕೆಲಸ ಕಟ್ಟಿದ್ದರು, ಬೈಗುಳ ತಿಂದರು. 2008ರಲ್ಲಿ ನಾಬ್ ಸುತ್ತ ಮೆನು, ನ್ಯಾವ್, ಬ್ಯಾಕ್, ಆಪ್ಷನ್ ಬಟನ್‌ಗಳು ಬಂದ ಮೇಲೆ ಅದು ಬೇರೆಯೇ ವಸ್ತು. ಹಳೆಯ ಬೈಗುಳ ಮಾತ್ರ ಈಗಲೂ ಹೊಸ ಕಾರಿನ ಮಾತಿನ ನಡುವೆ ತಲೆ ಹಾಕುತ್ತದೆ.

ಕಾರು ನೋಡಲು ಹೋದಾಗ ಟೆಸ್ಟ್ ಡ್ರೈವ್‌ಗಿಂತ ಮೊದಲು ಬೇಸ್‌ಮೆಂಟ್‌ನಲ್ಲಿ ನಿಲ್ಲಿಸಿಯೇ ಪರೀಕ್ಷೆ ಮಾಡಿದೆ. ಕಣ್ಣು ಎದುರಿನ ಗೋಡೆ ಮೇಲೆ. ಮ್ಯಾಪ್ ತೆಗಿ, ಝೂಮ್ ಮಾಡು, ಸೂಚನೆಯ ದನಿ ನಿಲ್ಲಿಸು, ಹಿಂದಕ್ಕೆ ಬಾ. ನಾಬ್‌ನ ಒಂದೊಂದು ‘ಕ್ಲಿಕ್’ ಮೆನುವಿನ ಒಂದೊಂದು ಸಾಲು. ಎಣಿಸಿಕೊಂಡು ಹೋದರೆ ಸ್ಕ್ರೀನ್ ಕಡೆ ಒಮ್ಮೆ ಕಣ್ಣಾಡಿಸಿದರೆ ಸಾಕಾಗುತ್ತಿತ್ತು. ಮಾರುವವರು ಪಕ್ಕದ ಸೀಟಿನಲ್ಲಿ ಕೂತು “ಇಂಜಿನ್ ಸ್ಟಾರ್ಟ್ ಮಾಡಿ ಸಾರ್, ಪಿಕಪ್ ನೋಡಿ” ಅಂತ ಚಡಪಡಿಸುತ್ತಿದ್ದರು. ಪಿಕಪ್ ವಿಷಯ ಎಲ್ಲರೂ ಬರೆದಿದ್ದಾರೆ; 184 ಎಚ್‌ಪಿ, 380 ಎನ್‌ಎಂ, 8 ಗೇರಿನ ಆಟೊಮ್ಯಾಟಿಕ್. ಅದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದನ್ನು ಯಾವ ವಿಮರ್ಶೆಯೂ ಎರಡು ಸಾಲಿಗಿಂತ ಹೆಚ್ಚು ಬರೆದಿರಲಿಲ್ಲ. ಡ್ಯಾಶ್‌ಬೋರ್ಡ್ ಮೇಲೆ 1ರಿಂದ 8ರವರೆಗೆ ಬಟನ್‌ಗಳಿವೆ. ನೋಡಿದವರೆಲ್ಲ ರೇಡಿಯೊ ಸ್ಟೇಷನ್‌ಗೆ ಅಂದುಕೊಳ್ಳುತ್ತಾರೆ. ಹೋಗಬೇಕಾದ ಜಾಗವನ್ನು ನ್ಯಾವಿಗೇಷನ್‌ನಲ್ಲಿ ಆರಿಸಿಕೊಂಡು ಬಟನ್ ಒತ್ತಿ ಹಿಡಿದರೆ ಅದು ಅಲ್ಲಿ ಉಳಿಯುತ್ತದೆ. ಫೋನ್ ನಂಬರೂ ಇಡಬಹುದು. ಒತ್ತದೆ ಬೆರಳು ಸುಮ್ಮನೆ ತಾಗಿಸಿದರೆ ಆ ಬಟನ್‌ನಲ್ಲಿ ಏನಿದೆ ಎಂದು ಸ್ಕ್ರೀನಿನ ಮೇಲ್ತುದಿಯಲ್ಲಿ ತೋರಿಸುತ್ತದೆ. ನನ್ನ 1 ಮನೆ, 2 ಆಫೀಸು, 3 ಸಕಲೇಶಪುರದ ಅತ್ತೆ ಮನೆ, 8 ಅಮ್ಮನ ಫೋನ್.

ಆದರೆ ಕಾರಿನ ಜೊತೆ ಬಂದ ನಕ್ಷೆಗೆ ನಮ್ಮ ವಿಳಾಸಗಳು ಒಗ್ಗುವುದಿಲ್ಲ. ಊರು, ರಸ್ತೆ, ಮನೆ ನಂಬರು ಅಂತ ಅದು ಕೇಳುತ್ತಾ ಹೋಗುತ್ತದೆ. ಬೆಂಗಳೂರಿನಲ್ಲಿ ‘4ನೇ ಮೇನ್, 17ನೇ ಕ್ರಾಸ್’ ಎಷ್ಟು ಬಡಾವಣೆಗಳಲ್ಲಿಲ್ಲ! “ಗಣಪತಿ ದೇವಸ್ಥಾನ ದಾಟಿ ಎಡಕ್ಕೆ” ಅನ್ನುವವರ ಮನೆಗಂತೂ ಅವರು ಕಳಿಸುವ ಗೂಗಲ್ ಲೊಕೇಶನ್ನೇ ಗತಿ. ಅದಕ್ಕೇ ಐಫೋನಿನ ಮ್ಯಾಪನ್ನು ಕಾರಿನ ಸ್ಕ್ರೀನಿನಲ್ಲಿ ತೋರಿಸುವ ಕಾರ್‌ಪ್ಲೇ ಬೇಕಾಯಿತು.

ಜೆ.ಸಿ. ರಸ್ತೆಯ ಫಿಟ್ಟರ್ ಕೇಳಿದ್ದು ಒಂದೇ: “ಸಾರ್, ಈ ಚಿಕ್ಕ ಸ್ಕ್ರೀನ್ ಯಾಕೆ? ಕಿತ್ತಾಕಿ ದೊಡ್ಡ ಆಂಡ್ರಾಯ್ಡ್ ಹಾಕ್ಸಿ.” ನಾನು ಒಪ್ಪಲಿಲ್ಲ. ಸ್ಕ್ರೀನ್ ದೊಡ್ಡದಾದಷ್ಟೂ ಅದನ್ನೇ ಮುಟ್ಟುವ ಚಾಳಿ ಬರುತ್ತದೆ, ಮುಟ್ಟಬೇಕೆಂದರೆ ನೋಡಲೇಬೇಕು. 2022ರಲ್ಲಿ ಸ್ವೀಡನ್ನಿನ ಕಾರು ಪತ್ರಿಕೆಯೊಂದು ಗಂಟೆಗೆ 110 ಕಿ.ಮೀ. ವೇಗದಲ್ಲಿ ಇದನ್ನು ಅಳೆದಿತ್ತು: ಬರೀ ಬಟನ್‌ಗಳಿದ್ದ 2005ರ ವೋಲ್ವೊದಲ್ಲಿ ನಾಲ್ಕು ಕೆಲಸಗಳು 10 ಸೆಕೆಂಡಿನಲ್ಲಿ, 306 ಮೀಟರ್ ಓಡುವಷ್ಟರಲ್ಲಿ ಮುಗಿದವು. ಟಚ್‌ಸ್ಕ್ರೀನ್ ಕಾರುಗಳಲ್ಲಿ ಒಂದು 1,372 ಮೀಟರ್ ತೆಗೆದುಕೊಂಡಿತು. ಕಾರುಗಳ ಸುರಕ್ಷತೆಗೆ ಸ್ಟಾರ್ ಕೊಡುವ ಯುರೋ ಎನ್‌ಕ್ಯಾಪ್ ಕೂಡ 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್‌ನಂಥವಕ್ಕೆ ಬಟನ್ ಅಥವಾ ಕಡ್ಡಿಯನ್ನು ಕೇಳುತ್ತಿದೆ.

ನಾನು ಹಾಕಿಸಿದ್ದು ಮೂಲ ಸ್ಕ್ರೀನ್, ಮೂಲ ನಾಬ್ ಉಳಿಸಿಕೊಂಡು ಸ್ಕ್ರೀನಿನ ಹಿಂದೆ ಕೂರುವ ಪುಟ್ಟ ಬಾಕ್ಸ್. ಮೆನು ಬಟನ್ ತುಸು ಹೊತ್ತು ಒತ್ತಿ ಹಿಡಿದರೆ ಕಾರ್‌ಪ್ಲೇ, ಇನ್ನೊಮ್ಮೆ ಹಾಗೇ ಮಾಡಿದರೆ ಬಿಎಂಡಬ್ಲ್ಯೂ ಮೆನು. ಹಾಕಿಸುವವರು ಮೊದಲು ತಮ್ಮ ಕಾರಿನ ಐಡ್ರೈವ್ ಯೂನಿಟ್ ಹಳೆಯ ಸಿಐಸಿಯೋ ಆಮೇಲಿನ ಎನ್‌ಬಿಟಿಯೋ ನೋಡಿಕೊಳ್ಳಿ, ಬಾಕ್ಸ್ ಅದಕ್ಕೆ ತಕ್ಕದ್ದೇ ಆಗಬೇಕು. ಬಾಕ್ಸಿನ ತಿರುವು ಬಾಣ ಸ್ಪೀಡೊಮೀಟರ್ ಕಡೆ ಬರುವುದಿಲ್ಲ. ಕಾರಿನ ಸ್ವಂತ ನ್ಯಾವಿಗೇಷನ್ನಿನದ್ದು ಬರುತ್ತದೆ. ಆದ್ದರಿಂದ ಊರೊಳಗೆ ಗೂಗಲ್, ಶಿರಾಡಿ ಘಾಟಿಯಲ್ಲಿ ಫೋನಿಗೆ ಸಿಗ್ನಲ್ ಸಿಗದ ಕಡೆ ಕಾರಿನ ಹಾರ್ಡ್ ಡಿಸ್ಕ್‌ನಲ್ಲಿರುವ ಹಳೆಯ ನಕ್ಷೆ. ಘಾಟಿ ರಸ್ತೆಯ ತಿರುವುಗಳೇನು ವರ್ಷಕ್ಕೊಮ್ಮೆ ಬದಲಾಗುತ್ತವೆಯೇ?

ಬಾಕ್ಸಿನ ದನಿ ಆಕ್ಸ್ ವೈರಿನಲ್ಲಿ (ಹೊರಗಿನ ಸಾಧನದ ದನಿ ಕಾರಿಗೆ ತರುವ ವೈರು) ಬರುವುದರಿಂದ ಆಡಿಯೊ ಸೋರ್ಸ್ ಆಕ್ಸ್‌ನಲ್ಲೇ ಇರಬೇಕು. ಹೆಂಡತಿ ಎಫ್‌ಎಂ ಹಾಕಿದರೆ ಗೂಗಲಮ್ಮನ ಬಾಯಿ ಬಂದ್.